ಮಾತಾಡಿಸಲು ಬಂದ ರಾಜಕುಮಾರಿ

ಬನಹಟ್ಟಿಯ ಮಹಿಳಾ ನೇಕಾರರ ಸಂಘಕ್ಕೆ ಯೂರೋಪಿನ ರಾಜಕುಮಾರಿಯೊಬ್ಬಳು ಬರುತ್ತಾಳೆ, ಆ ದಿನ ದುಭಾಷಿಯಾಗಿ ನೀವು ಬರಬೇಕು ಎಂದು ಜಿಲ್ಲಾ ಕಚೇರಿಯಿಂದ ಫೋನು ಬಂದಾಗ ಮೃಣ್ಮಯಿ ಬಾಪಟ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಮನೆ ಜಮಖಂಡಿಯಲ್ಲಿ, ಕೆಲಸ ಬನಹಟ್ಟಿಯ ಒಂದು ಕಾಲೇಜಿನಲ್ಲಿ. ಹದಿನೇಳು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಅವಳಿಗೆ ಚಿಕ್ಕಂದಿನಿಂದ ರೂಢಿ. ಹೂಂ ಅಂದಳು.

ರಾಜಕುಮಾರಿಯ ಹೆಸರು ಸಿಗ್ನೆ. ಉತ್ತರದ ಒಂದು ಸಣ್ಣ ದೇಶದ ದೊರೆಯ ತಂಗಿ, ಐವತ್ತಮೂರು ವರ್ಷ. ಅಲ್ಲಿಯ ಒಂದು ಸೇವಾ ಸಂಸ್ಥೆ ಬನಹಟ್ಟಿಯಿಂದ ಕೈಮಗ್ಗದ ಟವೆಲ್ಲು ತರಿಸುತ್ತದೆ, ಆ ಸಂಸ್ಥೆಗೆ ಅವಳು ಪೋಷಕಿ. ಅದಕ್ಕೇ ಈ ಭೇಟಿ. ದೇಶದ ಹೆಸರು ಕೇಳಿದಾಗ ಮೃಣ್ಮಯಿ ಕೆಂಪು ಪೆನ್ನು ಕೆಳಗಿಟ್ಟಳು. ಆ ಹೆಸರು ಅವಳಿಗೆ ಗೊತ್ತಿತ್ತು. ಹತ್ತು ತಿಂಗಳಿಂದ ಆ ದೇಶದಿಂದ ಬರುವ ಇಂಗ್ಲಿಷ್ ಪತ್ರಗಳನ್ನು ಓದಿ ಹೇಳುತ್ತಿದ್ದವಳು ಅವಳೇ.

ಪತ್ರಗಳು ಬರುತ್ತಿದ್ದದ್ದು ಇಂದ್ರವ್ವನ ಮನೆಗೆ. ಇಂದ್ರವ್ವ ಅದೇ ಸಂಘದ ನೇಕಾರಳು. ಅವಳ ಗಂಡ ಹೊಳಬಸಪ್ಪ ಪವರ್‌ಲೂಮಿನಲ್ಲಿ ದುಡಿಯುವವನು. ಅವರ ಒಬ್ಬಳೇ ಮಗಳು ಕಾವ್ಯ, ಹಿಂದೆ ಮೃಣ್ಮಯಿಯ ವಿದ್ಯಾರ್ಥಿನಿಯಾಗಿದ್ದವಳು. ನರ್ಸಿಂಗ್ ಮುಗಿಸಿ, ಒಂದು ವರ್ಷ ಆ ದೇಶದ ಭಾಷೆ ಕಲಿತು, ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ್ದಳು. ಹೋದ ಫೆಬ್ರುವರಿಯಲ್ಲಿ, ಬೆಳಗಿನ ಪಾಳಿಗೆ ಸೈಕಲ್ ಮೇಲೆ ಹೋಗುವಾಗ, ರಸ್ತೆಯ ಹಿಮ ಸರಿಸುವ ಗಾಡಿ ಹಿಂದಕ್ಕೆ ಬಂದು ಬಡಿದು ತೀರಿಕೊಂಡಳು. ಇಪ್ಪತ್ತೇಳು ವರ್ಷ.

ಹೆಣ ಬರಲು ಹದಿನಾರು ದಿನ ಹಿಡಿಯಿತು. ಪೆಟ್ಟಿಗೆ ಬಿಚ್ಚಬಾರದೆಂದು ಮೇಲೆ ಚೀಟಿ ಅಂಟಿಸಿತ್ತು. ಹೊಳಬಸಪ್ಪ ಬಿಚ್ಚಿಸಿದ, ನೋಡಿದ, ಮತ್ತೆ ಮುಚ್ಚಿಸಿದ. ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಬೇಕಾದವಳನ್ನು ಮಲಗಿಸಿಯೇ ಮಾಡಿದರು. ಆಮೇಲೆ ಪತ್ರಗಳು ಬಂದವು. ವೃದ್ಧಾಶ್ರಮದ್ದು, ಪೊಲೀಸರದ್ದು, ಆ ಗಾಡಿಯ ಒಡೆತನದ ನಗರಸಭೆಯದ್ದು. ಎಲ್ಲ ಪತ್ರಗಳ ಮೊದಲ ಸಾಲು ಒಂದೇ ಥರ ಇರುತ್ತಿತ್ತು: ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಕೊನೆಯದು ನವೆಂಬರಿನಲ್ಲಿ ಬಂತು. ವಿಚಾರಣೆ ಮುಗಿದಿದೆ, ಯಾರದೂ ತಪ್ಪು ಕಂಡುಬಂದಿಲ್ಲ, ಒಪ್ಪಿಗೆಯಾಗದಿದ್ದರೆ ಮಾರ್ಚ್ ಕೊನೆಯೊಳಗೆ ಮೇಲ್ಮನವಿ ಕೊಡಬಹುದು.

ಡಿಸೆಂಬರ್ ಕೊನೆಯಲ್ಲಿ ರಾಜಕುಮಾರಿಯ ಕಾರ್ಯದರ್ಶಿ ಮುಂಗಡವಾಗಿ ಬಂದ. ಹೆಸರು ಹೆನ್ರಿಕ್. ಎತ್ತರದ ಆಳು, ಮಾತು ಕಡಿಮೆ. ಸಂಘದ ಕೋಣೆಯಲ್ಲಿ ಕೂತು ಮೃಣ್ಮಯಿಯ ಕೈಗೆ ಎರಡು ಪುಟದ ಸೂಚನೆ ಕೊಟ್ಟ. ರಾಜಕುಮಾರಿಗೆ ರಾಜಕೀಯದ ಪ್ರಶ್ನೆ ಕೇಳಬಾರದು. ಸರ್ಕಾರದ ನಿರ್ಧಾರದ ಬಗ್ಗೆ, ಕೋರ್ಟಿನಲ್ಲಿರುವ ವಿಷಯದ ಬಗ್ಗೆ, ವ್ಯಾಪಾರದ ಒಪ್ಪಂದದ ಬಗ್ಗೆ ಅಭಿಪ್ರಾಯ ಕೇಳಬಾರದು. ದುಭಾಷಿ ತನ್ನ ಮಾತು ಸೇರಿಸಬಾರದು.

"ನಮ್ಮಲ್ಲಿ ಆಳುವುದು ಜನ ಆರಿಸಿದ ಸಭೆ," ಅಂದ ಹೆನ್ರಿಕ್. "ಅದು ಏನು ಪಾಸು ಮಾಡುತ್ತದೋ ಅದಕ್ಕೆ ದೊರೆ ಸಹಿ ಹಾಕುತ್ತಾರೆ. ಆಗುವುದಿಲ್ಲ ಅನ್ನುವಂತಿಲ್ಲ. ಅವರ ಮನೆಯವರು ಯಾವ ಪಕ್ಷದ ಪರವೂ ಮಾತಾಡುವುದಿಲ್ಲ, ವೋಟು ಸಹ ಹಾಕುವುದಿಲ್ಲ. ಆದ್ದರಿಂದಲೇ ಎಲ್ಲರೂ ಅವರನ್ನು ನಮ್ಮವರು ಅಂತಾರೆ."

ಸಾಲಿನಲ್ಲಿ ನಿಲ್ಲಬೇಕಾದ ಎಂಟು ಹೆಂಗಸರ ಪಟ್ಟಿಯನ್ನು ಅವನು ಮುಂದಿಟ್ಟ. ಐದನೆಯ ಹೆಸರು ಇಂದ್ರವ್ವ. ಹೇಳದೆ ಬಿಟ್ಟರೆ ಇಂದ್ರವ್ವ ಅಲ್ಲಿ ನಿಂತು ತನ್ನದೆಲ್ಲ ಹೇಳಿಕೊಳ್ಳುತ್ತಾಳೆ, ಅದು ಖಂಡಿತ. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕೊನೆಗೆ ಹೇಳಿದಳು, ಕಾವ್ಯಳ ವಿಷಯ ಮೊದಲಿಂದ ಕೊನೆಯವರೆಗೆ.

ಹೆನ್ರಿಕ್ ಬರೆದುಕೊಂಡ. ನಡುವೆ ಒಮ್ಮೆ ಬರೆಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡಿದ. ಆಮೇಲೆ ಪಟ್ಟಿ ಎಳೆದುಕೊಂಡು ಐದನೆಯ ಹೆಸರಿನ ಮೇಲೆ ಗೆರೆ ಎಳೆದ.

"ಮೇಲ್ಮನವಿಯ ಅವಧಿ ಇನ್ನೂ ಮುಗಿದಿಲ್ಲ," ಅಂದ. "ಕ್ಯಾಮೆರಾ ಎದುರು ಆ ತಾಯಿ ಕೇಳಿದರೆ ರಾಜಕುಮಾರಿ ಏನು ಹೇಳಿದರೂ ಕಷ್ಟ. ಸುಮ್ಮನಿದ್ದರೂ ಕಷ್ಟ. ದಯವಿಟ್ಟು ಅವರಿಗೆ ನೀವೇ ತಿಳಿಸಿ."

ಮರುದಿನ ಕಾಲೇಜು ಮುಗಿಸಿ ಮೃಣ್ಮಯಿ ಇಂದ್ರವ್ವನ ಮನೆಗೆ ಹೋದಳು. ಆ ಓಣಿಯಲ್ಲಿ ಪವರ್‌ಲೂಮಿನ ಸದ್ದು ಎಷ್ಟೆಂದರೆ ಬಾಗಿಲ ಒಳಗೆ ಕಾಲಿಟ್ಟ ಮೇಲೂ ಜೋರಾಗಿ ಮಾತಾಡಬೇಕು. ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಹೊಳಬಸಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ನಿಮ್ಮ ಹೆಸರು ಪಟ್ಟಿಯಿಂದ ತಗದಾರ್ರಿ ಇಂದ್ರವ್ವಾರ," ಅಂದಳು ಮೃಣ್ಮಯಿ. ಕಾರಣವನ್ನೂ ಹೇಳಿದಳು.

ಇಂದ್ರವ್ವ ಸಿಟ್ಟಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. "ಬಾಯಾರ, ಒಂದ್ ಮಾತ್ ಕೇಳ್ತೀನಿ. ಆಕಿ ಅಲ್ಲಿ ಸರ್ಕಾರ ಏನ್ರಿ?"

"ಅಲ್ರಿ."

"ಕಾಯ್ದೆ ಮಾಡ್ತಾಳೇನು?"

"ಇಲ್ರಿ."

"ನಮ್ಮ ಕಡೆ ರಾಜರಿದ್ದಾಗ ಅವರು ಹೇಳಿದ್ದ ಕಾಯ್ದೆ ಅಂತ ನಮ್ಮಜ್ಜ ಹೇಳ್ತಿದ್ದ. ಏನೂ ಮಾಡಾಕ ಬರದಿದ್ರ ಆಕಿ ಎಂಥಾ ರಾಜನ ತಂಗಿ? ದಿನಾ ಏನ್ ಮಾಡ್ತಾಳ?"

ಮೃಣ್ಮಯಿ ತನಗೆ ತಿಳಿದಷ್ಟು ಹೇಳಿದಳು. ದವಾಖಾನೆ ಉದ್ಘಾಟನೆಗೆ ಹೋಗುತ್ತಾರೆ. ಶಾಲೆಗೆ ಹೋಗುತ್ತಾರೆ. ಎಲ್ಲಾದರೂ ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಸತ್ತವರ ಮನೆಗೆ ಹೋಗಿ ಕೂತು ಬರುತ್ತಾರೆ. ಅಲ್ಲಿಯ ಜನ ಅದನ್ನು ದೊಡ್ಡದಾಗಿ ಕಾಣುತ್ತಾರೆ.

ಇಂದ್ರವ್ವ ರೊಟ್ಟಿ ತಿರುವಿ ಹಾಕಿದಳು. "ಹಂಗಾರ ಸತ್ತವರ ಮನಿಗೆ ಹೋಗೋದು ಆಕಿ ಕೆಲಸಾನ ಆತು."

"ಹೌದ್ರಿ, ಒಂದ್ ಲೆಕ್ಕಕ್ಕ."

"ಮತ್ತ ನಮ್ಮನಿಗೆ ಯಾಕ ಬರಂಗಿಲ್ಲ? ನನ್ನ ಮಗಳು ಅವರ ಊರಾಗ, ಅವರ ಮುದುಕರನ್ನ ಎಬ್ಬಿಸಾಕ ಹೋಗೂ ಮುಂದ ಸತ್ತಾಳ. ಪತ್ರಾ ಬಂದ್ವು. ಮನಿಷ್ಯಾರು ಒಬ್ಬರೂ ಬರಲಿಲ್ಲ. ಇದನ್ನ ಹೇಳ್ರಿ ಆ ಸಾಹೇಬಗ. ಸಾಲಿನ್ಯಾಗ ನಿಂದ್ರಸಂಗಿಲ್ಲ ಅಂದ್ರ ಬ್ಯಾಡ."

ಮೃಣ್ಮಯಿ ರಾತ್ರಿಗೆ ಬಿಡದೆ ಅಲ್ಲಿಂದಲೇ ಹೆನ್ರಿಕ್‌ಗೆ ಫೋನ್ ಮಾಡಿದಳು. ಇಂದ್ರವ್ವ ಅಂದದ್ದನ್ನು ಒಂದು ಶಬ್ದವೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು.

"ಇದನ್ನು ಹೀಗೇ ಬರೆದು ಅವರ ಕಡತದಲ್ಲಿ ಇಡುತ್ತೇನೆ," ಅಂದ ಹೆನ್ರಿಕ್. "ಅವರು ಪ್ರತಿ ಹಾಳೆಯನ್ನೂ ಓದುತ್ತಾರೆ. ಓದಿ ಏನು ಮಾಡುತ್ತಾರೆ ಎಂದು ನಾನು ಹೇಳಲಾರೆ."

ಜನವರಿ ಎರಡನೆಯ ವಾರ ಹೊಸ ವೇಳಾಪಟ್ಟಿ ಬಂತು. ಸಂಘದ ಭೇಟಿಯ ನಂತರ 'ವಿಶ್ರಾಂತಿ, ಇಪ್ಪತ್ತು ನಿಮಿಷ' ಎಂಬ ಒಂದು ಸಾಲು ಹೆಚ್ಚಾಗಿತ್ತು. ಜಿಲ್ಲಾ ಕಚೇರಿಯವರು ಸಂಘದ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಹೊಸ ಸೋಫಾ ಹಾಕಿಸಿ, ಎಳನೀರು ತರಿಸಿಟ್ಟರು.

ಬಂದ ದಿನ ರಾಜಕುಮಾರಿ ನಲವತ್ತು ನಿಮಿಷ ತಡ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರುಗಳು ಮುಧೋಳದಿಂದ ಈಚೆ ರಸ್ತೆಯುದ್ದಕ್ಕೂ ನಿಂತಿದ್ದವು. ಪೊಲೀಸರ ಸೀಟಿಗೆ ಅವು ಸರಿಯುವಂತಿರಲಿಲ್ಲ. ಕಾರಿನಿಂದ ಇಳಿದವಳು ಬೂದು ಬಣ್ಣದ ಸಾದಾ ಉಡುಪಿನ, ನರೆಗೂದಲಿನ ಹೆಂಗಸು. ಕಿರೀಟ ನೋಡಲು ಬಂದಿದ್ದ ಶಾಲೆಯ ಹುಡುಗಿಯರು ಕಾರಿನಿಂದ ಇನ್ನೂ ಯಾರಾದರೂ ಇಳಿಯುತ್ತಾರೇನೋ ಎಂದು ಕಾದರು.

ಏಳು ಹೆಂಗಸರ ಹೆಸರನ್ನು ಅವಳು ಮೊದಲೇ ಕಲಿತು ಬಂದಿದ್ದಳು. ಮಾಯವ್ವನಿಗೆ ಮಾಯವ್ವ ಎಂದೇ ಅಂದಳು. ಮಗ್ಗದ ಲಾಳಿಯನ್ನು ಕೈಗೆತ್ತಿಕೊಂಡು ನೋಡಿದಳು. ಒಂದು ಟವೆಲ್ಲಿಗೆ ಎಷ್ಟು ಹೊತ್ತು, ಬೆನ್ನು ನೋಯುವುದಿಲ್ಲವೇ, ಮನೆಯಲ್ಲಿ ಯಾರು ಕಲಿಸಿದರು ಎಂದೆಲ್ಲ ಕೇಳಿದಳು. ಎಲ್ಲ ಅಳೆದಂಥ ಮಾತು. ಉತ್ತರ ಮುಗಿಯುವವರೆಗೆ ಆ ಮುಖ ಬಿಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ. ಮೂವತ್ತು ವರ್ಷದಿಂದ ದಿನಾ ಇದನ್ನೇ ಮಾಡಿಕೊಂಡು ಬಂದವಳ ಕೈಗುಣ ಅದರಲ್ಲಿ ಕಾಣುತ್ತಿತ್ತು. ಮೃಣ್ಮಯಿಗೆ ಅದು ಒಂದು ಕಡೆ ಮೆಚ್ಚುಗೆಯಾಯಿತು, ಇನ್ನೊಂದು ಕಡೆ ಚಳಿಯೆನಿಸಿತು.

ಫೋಟೋ ಮುಗಿದವು. ಅಧಿಕಾರಿಗಳು ಹಿಂದಿನ ಕೋಣೆಯ ಕಡೆ ಕೈ ತೋರಿಸಿದರು. ರಾಜಕುಮಾರಿ ಮೃಣ್ಮಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಇಂದ್ರವ್ವನವರ ಮನೆ ನಡೆದು ಹೋಗುವಷ್ಟು ಹತ್ತಿರವೇ?"

"ಎರಡು ಓಣಿ ದಾಟಬೇಕು."

"ಹಾಗಾದರೆ ನಡೆಯೋಣ. ನನಗೆ ವಿಶ್ರಾಂತಿ ಬೇಡ."

ಹೆನ್ರಿಕ್ ಆಗಲೇ ಪತ್ರಕರ್ತರನ್ನು ತಡೆದು ನಿಂತಿದ್ದ. ಇದು ಮೊದಲೇ ಗೊತ್ತಿಲ್ಲದಿದ್ದ ಜಿಲ್ಲೆಯ ಅಧಿಕಾರಿಗಳು ಗಾಬರಿಯಾಗಿ ಮುಂದೆ ಓಡಿ ಓಣಿಯ ಮಗ್ಗಗಳನ್ನೆಲ್ಲ ಬಂದ್ ಮಾಡಿಸಿದರು. ಹಬ್ಬದ ದಿನವೂ ನಿಲ್ಲದ ಸದ್ದು ನಿಂತದ್ದಕ್ಕೇ ಜನ ಗಾಬರಿಯಾಗಿ ಬಾಗಿಲಿಗೆ ಬಂದರು.

ಇಂದ್ರವ್ವ ಹೊಸಿಲ ಒಳಗೆ ನಿಂತಿದ್ದಳು. ಅವಳಿಗೆ ಮುಂಚೆ ಯಾರೂ ತಿಳಿಸಿರಲಿಲ್ಲ. ಕೈಗೆ ಇನ್ನೂ ನೂಲಿಗೆ ಹಚ್ಚುವ ಗಂಜಿ ಮೆತ್ತಿಕೊಂಡಿತ್ತು. "ಬರ್ರಿ," ಅಂದಳು. ರಾಜಕುಮಾರಿ ಬೂಟು ಹೊರಗೆ ಬಿಟ್ಟು, ಬಾಗಿ ಒಳಗೆ ಬಂದು, ತೋರಿಸಿದ ಕುರ್ಚಿಯ ಮೇಲೆ ಕೂತಳು. ಊಟಕ್ಕೆಂದು ಬಂದಿದ್ದ ಹೊಳಬಸಪ್ಪ ಕಂಬಕ್ಕೆ ಆನಿಕೊಂಡು ನಿಂತೇ ಇದ್ದ. ಕೂಡು ಅಂದರೂ ಕೂಡಲಿಲ್ಲ.

ರಾಜಕುಮಾರಿ ಒಂದು ವಾಕ್ಯ ಹೇಳಿದಳು. ಅಚ್ಚುಕಟ್ಟಾದ ವಾಕ್ಯ, ಪತ್ರಗಳ ಮೊದಲ ಸಾಲಿಗಿಂತ ಬಹಳ ಬೇರೆಯೇನಲ್ಲ. ಮೃಣ್ಮಯಿ ಅದನ್ನು ಹಾಗೇ ತಿರುಗಿಸಲು ಹೋಗಿ ತಡೆದುಕೊಂಡಳು. ಸಾವಾದ ಮನೆಗೆ ಬಂದವರ ಬಗ್ಗೆ ಈ ಕಡೆ ಹೇಳುವುದು ಒಂದೇ ಮಾತು.

"ನಿಮ್ಮನ್ನ ಮಾತಾಡಿಸಾಕ ಬಂದಾರ್ರಿ," ಅಂದಳು.

ಇಂದ್ರವ್ವ ತಲೆಯಾಡಿಸಿದಳು. "ಭಾಳ ತಡಾ ಆತು ಅಂತ ಹೇಳ್ರಿ."

ಮೃಣ್ಮಯಿ ಹೇಳಿದಳು.

"ಹೌದು," ಅಂದಳು ರಾಜಕುಮಾರಿ. "ತಡವಾಯಿತು. ನನಗೆ ಗೊತ್ತಾದದ್ದೇ ಮೂರು ವಾರದ ಹಿಂದೆ. ಅದೂ ಸರಿಯಲ್ಲ."

ಆಗ ಹೊಳಬಸಪ್ಪ ಬಾಯಿ ತೆರೆದ. "ಬಾಯಾರ, ನಾ ಒಂದ್ ಕೇಳ್ತೀನಿ, ಇದ್ದದ್ದು ಇದ್ದಂಗ ಹೇಳ್ರಿ. ಗಾಡಿ ನಡಸಾವ ಹಿಂದ ನೋಡಲಾರದ ಯಾಕ ಗಾಡಿ ಹಿಂದ ತಗೊಂಡ? ಯಾರದೂ ತಪ್ಪಿಲ್ಲ ಅಂತ ಬರದಾರ. ಯಾರದೂ ತಪ್ಪಿಲ್ಲಂದ್ರ ನನ್ನ ಮಗಳು ಹೆಂಗ ಸತ್ತಳು?"

ಬಾಗಿಲಲ್ಲಿ ನಿಂತಿದ್ದ ಹೆನ್ರಿಕ್‌ಗೆ ಶಬ್ದ ತಿಳಿಯದಿದ್ದರೂ ದನಿ ತಿಳಿಯಿತು. ಅವನು ಮೃಣ್ಮಯಿಯ ಕಡೆ ನೋಡಿದ. ಎರಡು ಪುಟದ ಸೂಚನೆ ಅವಳಿಗೆ ಬಾಯಿಪಾಠವಾಗಿತ್ತು. ಇಂಥ ಪ್ರಶ್ನೆ ಕೇಳಬಾರದು ಅಂತಿತ್ತು. ಕೇಳಿದ್ದನ್ನು ದಾಟಿಸಬಾರದು ಎಂದು ಎಲ್ಲೂ ಇರಲಿಲ್ಲ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ರಾಜಕುಮಾರಿ ತೊಡೆಯ ಮೇಲಿದ್ದ ಕೈಚೀಲವನ್ನು ನೆಲದ ಮೇಲೆ ಇಟ್ಟಳು. "ಅದನ್ನು ಹೇಳುವ ಹಕ್ಕು ನನಗಿಲ್ಲ. ನನಗೇನು ಅನ್ನಿಸುತ್ತದೆ ಎಂದು ಹೇಳುವ ಹಕ್ಕೂ ಇಲ್ಲ. ನಾನು ಹೇಳಿದರೆ ದೊರೆ ಹೇಳಿದಂತೆ. ಆಮೇಲೆ ನ್ಯಾಯ ನೋಡುವವರು ಅದನ್ನು ಬಿಟ್ಟು ಯೋಚಿಸಲಾರರು."

"ಹೇಳಾಕ ಬರಂಗಿಲ್ಲಂದ್ರ ಬಂದದ್ದರ ಯಾಕ?"

"ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಇಲ್ಲಿಗೆ ಬರುವುದಿಲ್ಲ," ಅಂದಳು ರಾಜಕುಮಾರಿ. "ನಾನು ಬರಬಹುದು. ನನ್ನ ಕೈಲಾಗುವುದು ಅಷ್ಟು."

ಹೊಳಬಸಪ್ಪ ಮುಖ ತಿರುಗಿಸಿದ. ಹೊರಗೆ ಮಗ್ಗ ನಿಂತಿದ್ದರಿಂದ ಒಲೆಯ ಮೇಲಿನ ಬೇಳೆ ಕುದಿಯುವುದು ಕೇಳುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ರಾಜಕುಮಾರಿಯೇ ಮಾತಾಡಿದಳು. ಈಗ ಅವಳ ಮಾತು ಅಳತೆ ತಪ್ಪಿತ್ತು, ನಡುನಡುವೆ ನಿಲ್ಲುತ್ತಿತ್ತು. ಕಡತ ಓದಿದ ಮೇಲೆ ತಾನು ಆ ವೃದ್ಧಾಶ್ರಮಕ್ಕೆ ಹೋಗಿದ್ದೆ ಅಂದಳು. ಕಾವ್ಯ ನೋಡಿಕೊಳ್ಳುತ್ತಿದ್ದ ಕೋಣೆಗಳನ್ನು ತೋರಿಸಿದರು. ಒಂದರಲ್ಲಿ ಗುಡ್ರುನ್ ಎಂಬ ತೊಂಬತ್ತೊಂದರ ಮುದುಕಿ. ಬಹಳಷ್ಟು ಮರೆತುಹೋಗಿದೆ, ಮಕ್ಕಳ ಹೆಸರೂ ನೆನಪಿಲ್ಲ. ಆದರೆ ಯಾರಾದರೂ ಎದ್ದು ಹೊರಟರೆ ಕೈ ಎತ್ತಿ ಒಂದು ಶಬ್ದ ಅನ್ನುತ್ತಾಳೆ. ಅದು ಯಾವ ಭಾಷೆಯೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಕಾವ್ಯ ಬರುವ ಮೊದಲು ಅವಳು ಅದನ್ನು ಅನ್ನುತ್ತಿರಲಿಲ್ಲವಂತೆ.

"ನಾನು ಬರೆದುಕೊಂಡು ಬಂದಿದ್ದೇನೆ. ತಪ್ಪಾಗಿರಬಹುದು," ಎಂದು ಒಂದು ಚೀಟಿ ತೆಗೆದು ಓದಿದಳು. "ಸಾ-ವ-ಕಾಶ್."

ಮೃಣ್ಮಯಿ ಅದನ್ನು ಯಾವ ಭಾಷೆಗೂ ತಿರುಗಿಸಬೇಕಾಗಿರಲಿಲ್ಲ.

"ಸಾವಕಾಶ!" ಅಂದಳು ಇಂದ್ರವ್ವ. "ಸಾವಕಾಶ ನಡೀರಿ ಅಂತಿದ್ಲು. ನನ್ನ ಮೊಣಕಾಲು ಬಾತಾಗ ನನಗೂ ಹಂಗ ಅಂತಿದ್ಲು. ಪಾವಟಿಗಿ ಇಳಿಯೂ ಮುಂದ ಕೈ ಹಿಡದು, ಸಾವಕಾಶ ಯವ್ವಾ ಅಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಮುದುಕಿ ಇನ್ನೂ ಅದಾಳೇನ್ರಿ?"

"ಇದ್ದಾರೆ."

"ಉಣ್ತಾಳಾ? ಏನ್ ಉಣಸ್ತಿದ್ಲು ನನ್ನ ಮಗಳು?"

"ಮೀನಿನ ಸಾರು ಅಂದರೆ ಅವರಿಗೆ ಇಷ್ಟವಂತೆ. ಕಾವ್ಯ ಚಮಚದಿಂದ ಕುಡಿಸುತ್ತಿದ್ದರಂತೆ."

ಇಂದ್ರವ್ವ ಗಂಡನ ಕಡೆ ನೋಡಿದಳು. "ಕೇಳಿದ್ರೇನು? ಕೋಳಿ ತತ್ತಿ ಕಂಡ್ರ ಮೂಗು ಮುಚ್ಚತಿದ್ದಾಕಿ ಮೀನದ ಸಾರು ಕುಡಸ್ತಿದ್ಲಂತ." ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು, ಮತ್ತೆ ನಗುವಾಯಿತು. ಹೊಳಬಸಪ್ಪ ಕಂಬ ಬಿಟ್ಟು ನೆಲಕ್ಕೆ ಕುಕ್ಕರಿಸಿದ.

ಇಂದ್ರವ್ವ ಕೈ ತೊಳೆದು ಚಹಾ ಮಾಡಿದಳು. ರಾಜಕುಮಾರಿ ಪೂರ್ತಿ ಕುಡಿದಳು. ಹೊರಡುವಾಗ ಏನೂ ಕೊಡಲಿಲ್ಲ, ಏನೂ ಹೇಳಲಿಲ್ಲ. ಇಂದ್ರವ್ವನ ಕೈಯನ್ನು ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬಿಟ್ಟಳು. ಹೊಳಬಸಪ್ಪ ಬಾಗಿಲವರೆಗೆ ಬರಲಿಲ್ಲ. ಇಪ್ಪತ್ತು ನಿಮಿಷ ಇದ್ದದ್ದು ಮೂವತ್ತೈದಾಗಿತ್ತು.

ಮರುದಿನದ ಪತ್ರಿಕೆಗಳಲ್ಲಿ ಅವಳು ಲಾಳಿ ಹಿಡಿದ ಫೋಟೋ ಬಂತು. ಮನೆಗೆ ಹೋದದ್ದು ಒಂದರಲ್ಲಿ ಮಾತ್ರ, ಎರಡು ಸಾಲು. ಆದರೆ ಅವಳ ದೇಶದಲ್ಲಿ ಅದು ಸುದ್ದಿಯಾಯಿತು. ಮೇಲ್ಮನವಿಯ ಅವಧಿ ಇರುವಾಗ ರಾಜಮನೆತನದವರು ಒಂದು ಕಡೆಯವರ ಮನೆಗೆ ಹೋಗಬಹುದೇ ಎಂದು ಅಲ್ಲಿಯ ಶಾಸನಸಭೆಯಲ್ಲಿ ಪ್ರಶ್ನೆ ಎದ್ದಿತು. ಅರಮನೆ ಒಂದೇ ಸಾಲಿನ ಉತ್ತರ ಕೊಟ್ಟಿತು: ಅದು ಸಂತಾಪದ ಭೇಟಿ, ಬೇರೆ ಮಾತು ನಡೆದಿಲ್ಲ. ಇದೆಲ್ಲ ಮೃಣ್ಮಯಿಗೆ ಹೆನ್ರಿಕ್‌ನ ಇ-ಮೇಲಿನಿಂದ ತಿಳಿಯಿತು. ರಾಜಕುಮಾರಿಗೆ ಯಾರಾದರೂ ಏನಾದರೂ ಅಂದರೇ ಎಂದು ಅವನು ಬರೆದಿರಲಿಲ್ಲ. ಇವಳೂ ಕೇಳಲಿಲ್ಲ.

ಬನಹಟ್ಟಿಯಲ್ಲಿ ಗಂಡಹೆಂಡಿರಿಗೆ ಒಂದೇ ಮಾತಿರಲಿಲ್ಲ. "ಬಂದ್ಲು, ಕುಂತ್ಲು, ಹೋದ್ಲು. ಅದರಿಂದೇನಾತು?" ಅನ್ನುತ್ತಿದ್ದ ಹೊಳಬಸಪ್ಪ. ಇಂದ್ರವ್ವ ವಾದ ಮಾಡುತ್ತಿರಲಿಲ್ಲ. ಗುಡ್ರುನ್ ಎಂಬ ಹೆಸರನ್ನು ಓಣಿಯ ಹೆಂಗಸರಿಗೆಲ್ಲ ಹೇಳಿಕೊಟ್ಟಿದ್ದಳು.

ಮಾರ್ಚ್ ಮೊದಲ ರವಿವಾರ ಹೊಳಬಸಪ್ಪ ಕಾಗದಪತ್ರಗಳ ಚೀಲ ಹಿಡಿದು ಬಸ್ಸಿನಲ್ಲಿ ಜಮಖಂಡಿಗೆ ಬಂದ. ಮೇಲ್ಮನವಿ ಬರೆಯಬೇಕಿತ್ತು. ಊರಿನ ವಕೀಲ ಜಕ್ಕಪ್ಪ ಕನ್ನಡದಲ್ಲಿ ಕರಡು ಮಾಡಿಕೊಟ್ಟಿದ್ದ. ಮೃಣ್ಮಯಿ ಅದನ್ನು ಇಂಗ್ಲಿಷಿಗೆ ತರಬೇಕು. ಗಾಡಿ ಹಿಂದೆ ಬರುವಾಗ ಕೂಗಬೇಕಾದ ಭೋಂಗಾ ಕೂಗಿತೇ ಎಂಬುದನ್ನು ವಿಚಾರಣೆಯವರು ನೋಡಿಯೇ ಇಲ್ಲ ಎಂಬುದು ಅದರ ಮುಖ್ಯ ಮಾತು. ಕೊನೆಯಲ್ಲಿ ವಕೀಲ ಇನ್ನೊಂದು ಅಂಶ ಸೇರಿಸಿದ್ದ: ದೊರೆಯ ತಂಗಿಯೇ ಖುದ್ದು ಮನೆಗೆ ಬಂದು ದುಃಖ ವ್ಯಕ್ತಪಡಿಸಿದ್ದಾರೆ, ಇದರಿಂದಲೇ ತಪ್ಪು ಒಪ್ಪಿದಂತಾಗಿದೆ.

"ಈ ಮಾತಿಗೆ ತೂಕ ಐತಿ," ಅಂದಳು ಮೃಣ್ಮಯಿ. "ಅಲ್ಲಿ ಪೇಪರನ್ಯಾಗೂ ಬಂದೈತಿ."

ಹೊಳಬಸಪ್ಪ ತುಸು ಹೊತ್ತು ಕರಡನ್ನೇ ನೋಡಿದ. ಅವನಿಗೆ ಓದು ಅಷ್ಟಕ್ಕಷ್ಟೇ. ಯಾವ ಸಾಲು ಎಂದು ಬೆರಳಿಟ್ಟು ತೋರಿಸಲು ಹೇಳಿದ. ತೋರಿಸಿದಳು.

"ಇದನ್ನ ಹೊಡದು ಹಾಕ್ರಿ ಬಾಯಾರ."

"ಯಾಕ್ರಿ? ನೀವ ಅಂತಿದ್ರಲ್ಲ, ಬಂದದ್ದರಿಂದ ಏನಾತು ಅಂತ?"

"ಅಂತಿದ್ದೆ. ಖರೆ." ಮೀಸೆಯ ಮೇಲೆ ಕೈಯಾಡಿಸಿದ. "ಆಕಿ ಬಾಯಿ ಕಟ್ಟಿದಾಕಿ. ಬಾಯಿ ಕಟ್ಟಿದ್ದರೂ ಬಂದ್ಲು. ನಾವು ಅದನ್ನ ಸಾಕ್ಷಿ ಮಾಡಿದ್ರ, ನಾಳೆ ಇನ್ನೊಬ್ಬರ ಮನಿಗೆ ಹೋಗ್ತೀನಂದ್ರ ಆಕಿನ್ನ ಬಿಡಂಗಿಲ್ಲ. ಆ ಭೋಂಗಾದ ಮಾತೊಂದ ಇರಲಿ. ಅದಕ್ಕ ಉತ್ತರಾ ಕೊಡಲಿ."

ಮೃಣ್ಮಯಿ ಆ ಸಾಲಿನ ಮೇಲೆ ಗೆರೆ ಎಳೆದು, ಉಳಿದದ್ದನ್ನು ಅಂದೇ ಬರೆದು ಮುಗಿಸಿ ಕಳಿಸಿದಳು.

ಉತ್ತರ ಬಂದದ್ದು ಆಗಸ್ಟಿನಲ್ಲಿ. ಎರಡನೆಯ ವಿಚಾರಣೆಯವರು ಗಾಡಿಯನ್ನೂ ಅದರ ದಾಖಲೆಗಳನ್ನೂ ಮತ್ತೆ ಪರೀಕ್ಷಿಸಿದ್ದರು. ಅಪಘಾತದ ಹೊತ್ತಿಗೆ ಭೋಂಗಾ ಆರು ವಾರದಿಂದ ಕೆಟ್ಟಿತ್ತು, ಚಾಲಕ ಎರಡು ಸಲ ದೂರು ಬರೆದುಕೊಟ್ಟಿದ್ದ, ಯಾರೂ ರಿಪೇರಿ ಮಾಡಿಸಿರಲಿಲ್ಲ. ತಪ್ಪು ಚಾಲಕನದಲ್ಲ, ನಗರಸಭೆಯದು ಎಂದು ಬರೆದಿದ್ದರು. ಮೃಣ್ಮಯಿ ಬನಹಟ್ಟಿಯ ಮನೆಯಲ್ಲಿ ಕೂತು, ಮಗ್ಗದ ಸದ್ದಿನ ಮೇಲೆ ದನಿ ಎತ್ತರಿಸಿ ಓದಿ ಹೇಳಿದಳು. ತಪ್ಪು ಯಾರದೆಂಬ ಸಾಲನ್ನು ಹೊಳಬಸಪ್ಪ ಎರಡು ಸಲ ಓದಿಸಿದ.

"ಆ ಗಾಡಿ ನಡಸಾವನ ಹೆಸರೇನು?" ಎಂದು ಕೇಳಿದಳು ಇಂದ್ರವ್ವ.

ಪತ್ರದಲ್ಲಿ ಹೆಸರಿರಲಿಲ್ಲ.

"ಅವ ಎರಡ್ ಸಲ ಬರದುಕೊಟ್ಟಿದ್ನಂತ," ಅಂದ ಹೊಳಬಸಪ್ಪ. ಒಂದೂವರೆ ವರ್ಷ ಆ ಮನುಷ್ಯನನ್ನು ಅವನು ಬೈದಿದ್ದ. "ಅವಗೊಂದು ಪತ್ರಾ ಬರೀಬೇಕ್ರಿ ಬಾಯಾರ. ಬರಿಯಾಕ ಬರ್ತೈತೇನು?"

ಮೃಣ್ಮಯಿ ಚೀಲದಿಂದ ಹಾಳೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಳು. ಹೊಳಬಸಪ್ಪ ಕಣ್ಣು ಮುಚ್ಚಿ, ಏನೆಂದು ಶುರುಮಾಡಬೇಕೆಂದು ಯೋಚಿಸತೊಡಗಿದ.